ಕಲಾಶಾಲೆಯ ಪ್ರವೇಶಚಿತ್ರ: ಲಂಡನ್ನಿನಿಂದ ಧಾರವಾಡದವರೆಗೆ

ಕಲಾಶಾಲೆಯೊಂದು ಕಲೆಯನ್ನು ಏನೆಂದು ಬಗೆದಿದೆ ಎಂಬುದು ಅದರ ಪಠ್ಯಕ್ರಮಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುವುದು, ಪ್ರವೇಶ ಬಯಸಿ ಬಂದವರಿಂದ ಅದು ಕೇಳುವ ಚಿತ್ರಗಳಲ್ಲಿ. ಚಿತ್ರ ಬರೆಯುವುದು ಮನೆತನದ ಕಸುಬಾಗಿದ್ದಷ್ಟು ಕಾಲ ಅಂತಹ ಚಿತ್ರಗಳ ಅಗತ್ಯವೇ ಇರಲಿಲ್ಲ. ಮೈಸೂರಿನ ಚಿತ್ರಗಾರರ ಮನೆಗಳಲ್ಲಿ ಮಕ್ಕಳು ಬಣ್ಣ ಅರೆಯುವುದರಿಂದ ತೊಡಗಿ ಹಿರಿಯರ ಪಕ್ಕದಲ್ಲಿಯೇ ಕೆಲಸ ಕಲಿಯುತ್ತಿದ್ದರು, ಯುರೋಪಿನ ಕಾರ್ಯಾಗಾರಗಳಲ್ಲಿ ಹುಡುಗನ ತಂದೆಗೂ ಗುರುವಿಗೂ ನಡುವೆ ಆಗುತ್ತಿದ್ದ ಕರಾರೇ ಪ್ರವೇಶಪತ್ರವಾಗಿತ್ತು. ಗುರುತು ಪರಿಚಯವಿಲ್ಲದವನೊಬ್ಬನು ತಾನು ಬರೆದ ಹಾಳೆಯನ್ನು ತಂದೊಪ್ಪಿಸುವುದು, ಅದನ್ನು ನೋಡಿ ಸಂಸ್ಥೆಯೊಂದು ಅವನ ಮುಂದಿನ ಬದುಕಿನ ಬಗ್ಗೆ ತೀರ್ಪು ಕೊಡುವುದು, ಇವು ಅಕಾಡೆಮಿಗಳ ಕಾಲದಲ್ಲಿ ನೆಲೆಗೊಂಡ ಪದ್ಧತಿಗಳು.

ಈ ಪದ್ಧತಿಯನ್ನು ನಿಯಮಗಳಲ್ಲಿ ಬಿಗಿಯಾಗಿ ಹಿಡಿದಿಟ್ಟ ಸಂಸ್ಥೆಗಳಲ್ಲಿ 1768ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರಾಯಲ್ ಅಕಾಡೆಮಿ ಮುಖ್ಯವಾದುದು. ಅದರ ಶಾಲೆಯಲ್ಲಿ ಶುಲ್ಕವಿರಲಿಲ್ಲವಾದ್ದರಿಂದ ಬಡವನಿಗೂ ಬಾಗಿಲು ತೆರೆದಿತ್ತು, ಆದರೆ ಆ ಬಾಗಿಲಲ್ಲಿ ಚಿತ್ರವನ್ನು ಕೇಳಲಾಗುತ್ತಿತ್ತು. ಅಭ್ಯರ್ಥಿಯು ಪ್ಲಾಸ್ಟರ್ ಅಚ್ಚನ್ನು, ಅಂದರೆ ಗ್ರೀಕ್ ಅಥವಾ ರೋಮನ್ ಶಿಲ್ಪದಿಂದ ಪಡಿಯಚ್ಚು ತೆಗೆದು ಬಿಳಿಯ ಗಾರೆಯಲ್ಲಿ ಎರಕ ಹೊಯ್ದ ಪ್ರತಿಕೃತಿಯನ್ನು, ನೋಡಿ ಬರೆದ ರೇಖಾಚಿತ್ರದ ಜೊತೆಗೆ ತನ್ನ ನಡತೆಯ ಬಗ್ಗೆ ಗೌರವಸ್ಥರೊಬ್ಬರು ಬರೆದ ಪತ್ರವನ್ನೂ ಸಲ್ಲಿಸಬೇಕಿತ್ತು. ಚಿತ್ರವು ಒಪ್ಪಿಗೆಯಾದರೂ ಪ್ರವೇಶ ಸಿಕ್ಕಂತಾಗುತ್ತಿರಲಿಲ್ಲ. ಅಭ್ಯರ್ಥಿಯು ಪ್ರೊಬೇಷನರ್, ಅಂದರೆ ಪರೀಕ್ಷಾವಧಿಯ ವಿದ್ಯಾರ್ಥಿ, ಎನಿಸಿಕೊಂಡು ಅಕಾಡೆಮಿಯ ಕೋಣೆಯಲ್ಲಿಯೇ ಅಚ್ಚುಗಳ ಮುಂದೆ ಕುಳಿತು ಮತ್ತೆ ಚಿತ್ರ ಬರೆದು ತೋರಿಸಬೇಕಿತ್ತು, ಅದೂ ಮೆಚ್ಚುಗೆಯಾದರೆ ಮಾತ್ರ ಹಲವು ವರ್ಷಗಳ ಕಲಿಕೆಗೆ ಹಕ್ಕು ಕೊಡುವ ಚೀಟಿ ಕೈಸೇರುತ್ತಿತ್ತು. ಮನೆಯಿಂದ ತಂದ ಹಾಳೆಯಲ್ಲಿ ಬೇರೆಯವರ ಕೈ ಎಷ್ಟಿದೆ ಎಂದು ತಿಳಿಯಲು ಇದಕ್ಕಿಂತ ನ್ಯಾಯವಾದ ಉಪಾಯ ಇರಲಾರದು, ಮತ್ತು ಒಂದೇ ದಿನದ ಪರೀಕ್ಷೆಯ ಗಾಬರಿಗೆ ಅಭ್ಯರ್ಥಿಯನ್ನು ಬಲಿಗೊಡದೆ ಅವನಿಗೆ ಕಾಲಾವಕಾಶ ಕೊಟ್ಟದ್ದು ಈ ನಿಯಮದ ದೊಡ್ಡ ಗುಣವಾಗಿತ್ತು. 1789ರಲ್ಲಿ 14 ವರ್ಷದ ಟರ್ನರ್ ಈ ದಾರಿಯಿಂದಲೇ ಒಳಬಂದನು. ಮುಂದೆ ಬೆಳಕನ್ನೂ ಬಿರುಗಾಳಿಯನ್ನೂ ಹೊಸ ರೀತಿಯಲ್ಲಿ ಚಿತ್ರಿಸಿದ ಆತನು ಜೀವಂತ ಮಾದರಿಯ ತರಗತಿಗೆ ಕಾಲಿಟ್ಟದ್ದು 1792ರಲ್ಲಿ, ಅಲ್ಲಿಯವರೆಗೆ ಬಿಳಿಯ ಪ್ರತಿಮೆಗಳೇ ಆತನ ಪಾಠಗಳಾಗಿದ್ದವು.

ಬೇಡಿಕೆಯು ಹೀಗೆ ಖಚಿತವಾದೊಡನೆ ಅದನ್ನು ಪೂರೈಸಿಕೊಡುವ ಸಿದ್ಧತಾ ಶಾಲೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಹೆನ್ರಿ ಸ್ಯಾಸ್ ಎಂಬ ಚಿತ್ರಕಾರನು ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ ನಡೆಸುತ್ತಿದ್ದ ಶಾಲೆಯು ಬಹಳ ಹೆಸರಾದುದು. ಅಲ್ಲಿ ಹುಡುಗರು ಮೊದಲು ಬಾಹ್ಯರೇಖೆಗಳನ್ನು ನಕಲು ಮಾಡಿ, ಬಳಿಕ ಪ್ಲಾಸ್ಟರಿನ ಒಂದು ಗುಂಡನ್ನು ಎದುರಿಗಿಟ್ಟುಕೊಂಡು, ಅದರ ಮೇಲೆ ಬಿದ್ದ ಬೆಳಕು ನೆರಳಿನ ಒಂದೊಂದು ಅಂತರವನ್ನೂ ಸೀಮೆಸುಣ್ಣದ ಸಣ್ಣ ಸಣ್ಣ ಗೆರೆ ಚುಕ್ಕೆಗಳಿಂದ ವಾರಗಟ್ಟಲೆ ತುಂಬುತ್ತ, ಕಣ್ಣನ್ನೂ ತಾಳ್ಮೆಯನ್ನೂ ಹದಗೊಳಿಸಿಕೊಳ್ಳುತ್ತಿದ್ದರು. ಮಿಲೇ, ರೊಸೆಟ್ಟಿ, ಫ್ರಿತ್ ಮುಂತಾದ ಮುಂದಿನ ದೊಡ್ಡ ಹೆಸರುಗಳೆಲ್ಲ ಈ ಶಾಲೆಯ ಮೂಲಕವೇ ಅಕಾಡೆಮಿಗೆ ಹೋದವು. ಮಿಲೇಯಂತೂ 1840ರಲ್ಲಿ ತನ್ನ 11ನೆಯ ವಯಸ್ಸಿಗೇ ಪ್ರವೇಶ ಪಡೆದು ಅತ್ಯಂತ ಕಿರಿಯ ವಿದ್ಯಾರ್ಥಿ ಎನಿಸಿಕೊಂಡನು. ಅಕಾಡೆಮಿಯು ಶುಲ್ಕ ಕೇಳದಿದ್ದರೂ ಅದಕ್ಕೆ ಸಿದ್ಧಗೊಳಿಸುವ ಶಾಲೆ ಕೇಳುತ್ತಿತ್ತು ಎಂಬ ಸಂಗತಿಯನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಮುಂದಿನ ಎಲ್ಲ ಕಾಲಗಳಲ್ಲಿಯೂ ಕಲಾಶಾಲೆಯ ಪ್ರವೇಶವನ್ನು ಬಡವರಿಗೆ ದುಬಾರಿಯಾಗಿಸಿದ್ದು ಹೆಚ್ಚಾಗಿ ಶಾಲೆಯ ಹೊರಗೆ ನಡೆಯುವ ಈ ಸಿದ್ಧತೆಯೇ.

ಹಾಳೆಯೊಂದೇ ಮಾತನಾಡಿದಾಗ ಏನಾಗಬಹುದು ಎಂಬುದಕ್ಕೆ 1860ರ ಪ್ರಸಂಗವು ಅಪೂರ್ವ ನಿದರ್ಶನ. ರಾಯಲ್ ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಏಂಜೆಲಿಕಾ ಕೌಫ್‌ಮನ್, ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರಿದ್ದರೂ ಅದರ ಶಾಲೆಯು ಸುಮಾರು ಒಂದು ಶತಮಾನದ ಕಾಲ ಗಂಡುಮಕ್ಕಳನ್ನು ಮಾತ್ರ ಸೇರಿಸಿಕೊಂಡಿತ್ತು, ಮತ್ತು 1859ರಲ್ಲಿ ಕಲಾವಿದೆಯರು ಸಹಿ ಹಾಕಿ ಸಲ್ಲಿಸಿದ ಮನವಿಗೂ ಫಲ ದೊರೆತಿರಲಿಲ್ಲ. ಮರುವರ್ಷ ಲಾರಾ ಹರ್‌ಫರ್ಡ್ ಎಂಬಾಕೆ ಪೂರ್ಣ ಹೆಸರಿನ ಬದಲು ಮೊದಲಕ್ಷರವನ್ನಷ್ಟೇ ಬರೆದು ಚಿತ್ರಗಳನ್ನು ಕಳಿಸಿದಳು. ಪರಿಶೀಲಕರು ಅವನ್ನು ಯುವಕನೊಬ್ಬನ ಕೃತಿಗಳೆಂದೇ ಎಣಿಸಿ ಒಪ್ಪಿಗೆಯ ಪತ್ರವನ್ನು ಪುರುಷನಿಗೆ ಬರೆಯುವ ರೀತಿಯಲ್ಲಿ ಕಳಿಸಿದರು. ಹೆಂಗಸರಿಗೆ ಪ್ರವೇಶವಿಲ್ಲವೆಂದು ಹೇಳುವ ನಿಯಮ ಎಲ್ಲಿಯೂ ಬರೆದಿರಲಿಲ್ಲವಾದ್ದರಿಂದ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲಾಗಲಿಲ್ಲ. ಆದರೂ ಒಳಗೆ ಸೇರಿದ ವಿದ್ಯಾರ್ಥಿನಿಯರಿಗೆ ನಗ್ನ ಮಾದರಿಯ ತರಗತಿ ಮುಚ್ಚಿಯೇ ಇತ್ತು, ಅಂಶತಃ ಬಟ್ಟೆ ತೊಡಿಸಿದ ಮಾದರಿಯನ್ನು ನೋಡಿ ಬರೆಯುವ ಅವಕಾಶವೂ ಸಿಕ್ಕಿದ್ದು 1893ರಲ್ಲಿ. ಮಾನವದೇಹದ ಚಿತ್ರಣವನ್ನೇ ಕಲೆಯ ಶಿಖರವೆಂದು ಸಾರಿದ ಸಂಸ್ಥೆಯಲ್ಲಿ ಇದು ಅರ್ಧ ಪ್ರವೇಶವೆಂದೇ ಹೇಳಬೇಕು.

ಪ್ಯಾರಿಸಿನ ಎಕೋಲ್ ದೆ ಬೋಜ಼ಾರ್, ಅಂದರೆ ಫ್ರಾನ್ಸಿನ ಸರ್ಕಾರಿ ಲಲಿತಕಲಾ ಶಾಲೆ, ಲಂಡನ್ನಿನದಕ್ಕಿಂತ ನಿಷ್ಠುರವಾದ ಸ್ಪರ್ಧಾಪರೀಕ್ಷೆಯನ್ನು ನಡೆಸುತ್ತಿತ್ತು, ಅದರ ಪರಿಮಿತಿಯನ್ನು ತೋರಿಸಲು ರೋದಾನ್ ಎಂಬ ಒಂದು ಹೆಸರೇ ಸಾಕು. ಆಧುನಿಕ ಶಿಲ್ಪಕ್ಕೆ ಹೊಸ ದಾರಿ ತೆರೆದ ಈತನು ಹದಿಹರೆಯದಲ್ಲಿ ಮೂರು ಬಾರಿ ಪರೀಕ್ಷೆಗೆ ಕುಳಿತು, ರೇಖಾಚಿತ್ರದಲ್ಲಿ ತೇರ್ಗಡೆಯಾಗಿ, ಶಿಲ್ಪದಲ್ಲಿಯೇ ಮೂರು ಬಾರಿಯೂ ಅನುತ್ತೀರ್ಣನಾದನು. ಪರೀಕ್ಷಕರು ಅಜಾಗರೂಕರಾಗಿದ್ದರೆಂದು ಹೇಳಲಾಗದು. ಅವರು ಒಂದು ಶೈಲಿಯನ್ನೇ ಕೌಶಲದ ಅಳತೆಗೋಲಾಗಿ ಹಿಡಿದಿದ್ದರು, ಆ ಅಳತೆಗೆ ಆತನ ಮಣ್ಣಿನ ಕೆಲಸ ಒಗ್ಗಲಿಲ್ಲ.

ಭಾರತಕ್ಕೆ ಈ ಪದ್ಧತಿ ಬಂದದ್ದು ವಸಾಹತು ಆಡಳಿತದ ಬೇರೊಂದು ಉದ್ದೇಶದೊಡನೆ. ಮದರಾಸಿನಲ್ಲಿ 1850ರಲ್ಲಿ, ಕಲ್ಕತ್ತೆಯಲ್ಲಿ 1854ರಲ್ಲಿ, ಬೊಂಬಾಯಿಯಲ್ಲಿ ಜಮ್‌ಷೆಟ್‌ಜಿ ಜೀಜೀಭಾಯ್ ಕೊಟ್ಟ 1 ಲಕ್ಷ ರೂಪಾಯಿ ದತ್ತಿಯಿಂದ 1857ರಲ್ಲಿ ಆರಂಭವಾದ ಕಲಾಶಾಲೆಗಳಲ್ಲಿ ಕಲಾವಿದನನ್ನು ಬೆಳೆಸುವ ಆಸೆಗಿಂತ ಕುಶಲಕರ್ಮಿಯ, ನಕ್ಷೆಗಾರನ, ಡ್ರಾಯಿಂಗ್ ಮಾಸ್ತರನ ಕೈಯನ್ನು ತಿದ್ದುವ ಗುರಿ ಮುಂದಾಗಿತ್ತು. ಅದರ ಜೊತೆಗೇ ಬೊಂಬಾಯಿ ಪ್ರಾಂತದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳು ಬೇರೂರಿದವು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಬೊಂಬಾಯಿಗೆ ಸೇರಿದ್ದರಿಂದ, ಆ ಸೀಮೆಯ ಕನ್ನಡದ ಹುಡುಗರಿಗೆ ಕಲಾಲೋಕದ ಮೊದಲ ಮೆಟ್ಟಿಲೆಂದರೆ ಈ ಪರೀಕ್ಷೆಗಳೇ ಆಗಿದ್ದವು. ಎದುರಿಗಿಟ್ಟ ಪಾತ್ರೆ, ಪೆಟ್ಟಿಗೆ, ಪುಸ್ತಕಗಳನ್ನು ಕಂಡಂತೆ ಬರೆಯುವ ವಸ್ತುಚಿತ್ರ, ನಡುಗೆರೆಯ ಎರಡೂ ಬದಿಗೆ ಬಳ್ಳಿ ಹೂಗಳನ್ನು ಸಲಕರಣೆಯಿಲ್ಲದೆ ಸಮವಾಗಿ ತಿರುಗಿಸುವ ಫ್ರೀಹ್ಯಾಂಡ್, ಕೊಟ್ಟ ಆಕಾರದೊಳಗೆ ಬಣ್ಣದ ವಿನ್ಯಾಸ, ರೇಖಾಗಣಿತ, ಅಕ್ಷರಲೇಖನ, ಇವುಗಳ ಜೊತೆಗೆ ಮೆಮೊರಿ ಡ್ರಾಯಿಂಗ್, ಅಂದರೆ ಕಣ್ಣೆದುರು ಇಲ್ಲದ ದೃಶ್ಯವನ್ನು ನೆನಪಿನಿಂದ ಬರೆಯುವ ಪತ್ರಿಕೆಯೂ ಇತ್ತು. ಉಳಿದ ಪತ್ರಿಕೆಗಳು ಕೈಯ ಶಿಸ್ತನ್ನು ಅಳೆಯುತ್ತಿದ್ದರೆ, ಸಂತೆಯನ್ನೋ ಹೊಲದ ಕೆಲಸವನ್ನೋ ಹಾಳೆಗೆ ತರಬೇಕಾದ ಈ ಒಂದು ಪತ್ರಿಕೆಯಲ್ಲಿ ಹುಡುಗನು ತನ್ನ ಊರನ್ನು ಎಷ್ಟು ಗಮನವಿಟ್ಟು ನೋಡಿದ್ದಾನೆ ಎಂಬುದು ಹೊರಬೀಳುತ್ತಿತ್ತು. ಇಡೀ ಪರೀಕ್ಷೆಯಲ್ಲಿ ಕಲೆಗೆ ಅತಿ ಸಮೀಪವಾದ ಭಾಗ ಅದು.

ಗ್ರೇಡ್ ಪರೀಕ್ಷೆಗಳನ್ನು ಬರಿಯ ಯಾಂತ್ರಿಕ ಅಭ್ಯಾಸವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಕಲೆಯ ಹಿನ್ನೆಲೆಯಿಲ್ಲದ ಮನೆಯ ಮಗು, ಊರಿನ ಡ್ರಾಯಿಂಗ್ ಮಾಸ್ತರರೊಬ್ಬರ ಕೈಕೆಳಗೆ, ಕಡಿಮೆ ಖರ್ಚಿನಲ್ಲಿ ತಯಾರಾಗಿ, ದೂರದ ಬೊಂಬಾಯಿಯಲ್ಲಿ ಬೆಲೆಯಿದ್ದ ಪ್ರಮಾಣಪತ್ರವೊಂದನ್ನು ಪಡೆಯಬಹುದಾಗಿದ್ದ ವ್ಯವಸ್ಥೆ ಅದೊಂದೇ ಎಂಬುದನ್ನು ಮರೆಯುವುದು ಅನ್ಯಾಯ. ಗದಗಿನಲ್ಲಿ ಟಿ.ಪಿ. ಅಕ್ಕಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಕಟ್ಟಿದ ಕಲಾಶಾಲೆಗಳು ಈ ನೆಲದಲ್ಲಿಯೇ ಬೇರುಬಿಟ್ಟವು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು 1938ರಲ್ಲಿ ಜೀಜೀಭಾಯ್ ದತ್ತಿಯ ಆ ಬೊಂಬಾಯಿ ಕಲಾಶಾಲೆಯ, ಅಂದರೆ ಜೆ.ಜೆ. ಶಾಲೆಯ, ಡಿಪ್ಲೊಮಾ ಪಡೆದು ಅಲ್ಲಿಯೇ ಅಧ್ಯಾಪಕರಾದರು; ಮುಂದೆ ಅವರು ಪ್ಯಾರಿಸಿನಲ್ಲಿ ಅಭ್ಯಾಸ ಮಾಡಿದ ಅಕಾಡೆಮಿ ಜೂಲಿಯನ್ ಸಹ ಮೊದಲಿಗೆ ಬೋಜ಼ಾರ್ ಪ್ರವೇಶಕ್ಕೆ ಹುಡುಗರನ್ನು ಅಣಿಗೊಳಿಸುತ್ತಿದ್ದ ಖಾಸಗಿ ಶಾಲೆಯೇ.

ಹೆಬ್ಬಾರರಿಗಿಂತ ಮೊದಲೇ ಕಲ್ಕತ್ತೆಯಲ್ಲಿ ಬೇರೆಯೇ ಬಗೆಯ ಪ್ರವೇಶವೂ ಸಾಧ್ಯವಾಗಿತ್ತು. ಅಲ್ಲಿನ ಕಲಾಶಾಲೆಯ ಪ್ರಿನ್ಸಿಪಾಲ್ ಹ್ಯಾವೆಲ್ ಯುರೋಪಿನ ಮಾದರಿಗಳ ಪ್ರಾಬಲ್ಯವನ್ನು ತಗ್ಗಿಸಿ ಭಾರತೀಯ ಕಲೆಯನ್ನು ಪಾಠದ ನಡುವಿಗೆ ತಂದ ಮೇಲೆ, 1905ರ ಸುಮಾರಿಗೆ ನಂದಲಾಲ್ ಬೋಸ್ ತಾನು ಬರೆದ ಚಿತ್ರಗಳನ್ನು ಕೈಯಲ್ಲಿ ಹಿಡಿದು ನೇರವಾಗಿ ಅವನೀಂದ್ರನಾಥ ಠಾಕೂರರ ಬಳಿಗೆ ಹೋಗಿ ಶಿಷ್ಯನಾದನು. ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋದ ಕೆ. ವೆಂಕಟಪ್ಪನವರೂ ಅದೇ ಗುರುವಿನ ಬಳಿ ಕಲಿತವರು. ಸ್ವಂತ ಕೃತಿಗಳನ್ನು ಗುರುವೇ ಕುಳಿತು ನೋಡಿ ಆರಿಸುವ ಈ ರೀತಿಯಲ್ಲಿ ಹಳೆಯ ಗುರುಶಿಷ್ಯ ಸಂಬಂಧದ ಆತ್ಮೀಯತೆಯಿತ್ತು, ಆದರೆ ಗುರುವಿನವರೆಗೆ ತಲುಪಲು ಯಾರಾದರೊಬ್ಬರ ಆಸರೆಯೂ ಬೇಕಾಗುತ್ತಿತ್ತು.

ಇಪ್ಪತ್ತನೆಯ ಶತಮಾನದ ಪೋರ್ಟ್‌ಫೋಲಿಯೊ, ಅಂದರೆ ಅಭ್ಯರ್ಥಿಯು ತಾನೇ ಆರಿಸಿ ಜೋಡಿಸಿದ ಕೃತಿಗಳ ಕಟ್ಟು, ನಿಧಾನವಾಗಿ ಪರೀಕ್ಷೆಗೆಂದೇ ಬರೆದ ಹಾಳೆಯ ಜಾಗವನ್ನು ಹಿಡಿಯಿತು. ಜರ್ಮನಿಯ ವೈಮಾರಿನಲ್ಲಿ 1919ರಲ್ಲಿ ಆರಂಭವಾದ ಬೌಹೌಸ್, ಸೇರಿದವರನ್ನೆಲ್ಲ ಯೊಹಾನ್ನೆಸ್ ಇಟ್ಟೆನ್ ರೂಪಿಸಿದ ಪೂರ್ವಭಾವಿ ತರಗತಿಯಲ್ಲಿ ಮರ, ಗಾಜು, ಬಟ್ಟೆ, ಕಾಗದಗಳೊಡನೆ ತೊಡಗಿಸಿ, ಆ ಬಳಿಕವೇ ಕಾರ್ಯಾಗಾರಗಳಿಗೆ ಆರಿಸಿಕೊಳ್ಳುತ್ತಿತ್ತು. ಪರೀಕ್ಷಾವಧಿಯ ಲಂಡನ್ನಿನ ಹಳೆಯ ನಿಯಮವೇ ಇಲ್ಲಿ ಹೊಸ ಅರ್ಥದೊಡನೆ ಮರಳಿತು. ಕಲಿತು ಮುಗಿದ ಕೌಶಲಕ್ಕಿಂತ ಕಲಿಯಬಲ್ಲ ಮನಸ್ಸನ್ನು ಹುಡುಕುವುದು ಗುರಿಯಾದ ಮೇಲೆ, ಅಚ್ಚುಕಟ್ಟಾದ ಕೊನೆಯ ಚಿತ್ರದಷ್ಟೇ ಅದಕ್ಕೆ ಮೊದಲು ಬರೆದು ಬಿಟ್ಟ ಕರಡುಗಳಿಗೂ, ದಿನದಿನದ ಸ್ಕೆಚ್ ಪುಸ್ತಕಕ್ಕೂ, ಮಾಡಿದ್ದನ್ನು ಕುರಿತು ಸಂದರ್ಶನದಲ್ಲಿ ಮಾತನಾಡುವ ಶಕ್ತಿಗೂ ಬೆಲೆ ಬಂದಿತು. ಈ ಬದಲಾವಣೆ ನಿಜವಾಗಿಯೂ ಮುನ್ನಡೆ. ಆದರೂ ವಸ್ತುಚಿತ್ರವನ್ನು ಊರಿನ ಮಾಸ್ತರರಿಂದ ಕಲಿಯಬಹುದಾಗಿತ್ತು, ತನ್ನ ಕೃತಿಗಳನ್ನು ಹೇಗೆ ಆರಿಸಬೇಕು, ಅವುಗಳ ಬಗ್ಗೆ ಹೇಗೆ ಮಾತನಾಡಬೇಕು ಎಂಬುದನ್ನು ಹೇಳಿಕೊಡುವವರು ಪಟ್ಟಣಗಳಲ್ಲಿಯೇ ಹೆಚ್ಚು, ಅವರಲ್ಲಿ ಅನೇಕರು ಶುಲ್ಕ ಕೇಳುತ್ತಾರೆ.

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಬೊಂಬಾಯಿ ಪರೀಕ್ಷೆಗಳನ್ನು ಹೋಲುವ ಲೋಯರ್ ಮತ್ತು ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳು ಇಂದಿಗೂ ಜೀವಂತವಾಗಿವೆ, ಪದವಿ ಮಟ್ಟದ ಕಲಾಶಿಕ್ಷಣದಲ್ಲಿ ಕೃತಿಗಳ ಕಟ್ಟಿಗೂ ಸಂದರ್ಶನಕ್ಕೂ ತೂಕವಿದೆ. ಮೊದಲನೆಯದನ್ನು ಮುಗಿಸಿದ ಹಳ್ಳಿಯ ವಿದ್ಯಾರ್ಥಿಯನ್ನು ಎರಡನೆಯದಕ್ಕೆ ಅಣಿಗೊಳಿಸುವ ಕೆಲಸವು ಇಂದು ಆತನ ಶಾಲೆಯ ಚಿತ್ರಕಲಾ ಶಿಕ್ಷಕರ ಮೇಲೆಯೇ ಬಿದ್ದಿದೆ, ಮತ್ತು ಆ ಹುದ್ದೆಯಲ್ಲಿ ಒಬ್ಬರು ಇರುವ ಶಾಲೆಗೂ ಯಾರೂ ಇಲ್ಲದ ಶಾಲೆಗೂ ನಡುವಿನ ಅಂತರವು ಪ್ರವೇಶದ ಕೋಣೆಯಲ್ಲಿ ಹಾಳೆಗಳನ್ನು ಬಿಡಿಸಿಟ್ಟ ಕೂಡಲೇ ಕಾಣುತ್ತದೆ.