ಮೆಕ್ಯಾನಿಕ್ ಕೊಟ್ಟ ಚೀಟಿಯ ಹಿಂದಿನ ಚರಿತ್ರೆ

ನಮ್ಮ ಮನೆಯ ಮಾರುತಿ 800 ನನಗಿಂತ ನಾಲ್ಕು ವರ್ಷ ದೊಡ್ಡದು. 1993ರ ಮಾಡೆಲ್. ಅಪ್ಪ ಅದನ್ನು 2002ರಲ್ಲಿ ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗಲೂ ತಿಂಗಳಿಗೊಮ್ಮೆ ಅಪ್ಪ ಅಮ್ಮ ಇಬ್ಬರೂ ಅದರಲ್ಲೇ ಸಕಲೇಶಪುರದ ಅತ್ತೆ ಮನೆಗೆ ಹೋಗಿ ಬರುತ್ತಾರೆ. ಹೊಸ ಕಾರು ಕೊಡಿಸ್ತೀನಿ ಅಂದರೆ ಅಪ್ಪ ಮಾತು ಬದಲಿಸುತ್ತಾರೆ :)

ಕಳೆದ ಸಲ ಊರಿಗೆ ಹೋದಾಗ ಕಾರು ಏರಿನಲ್ಲಿ ಎಳೆಯುತ್ತಿಲ್ಲ ಅಂತ ಗ್ಯಾರೇಜಿಗೆ ಬಿಟ್ಟೆವು. ಅಪ್ಪನಿಗೆ ಇಪ್ಪತ್ತು ವರ್ಷದಿಂದ ಪರಿಚಯ ಇರುವ ಮೆಕ್ಯಾನಿಕ್. ಅಪ್ಪ ಅವರನ್ನು ಭಾಯ್ ಅಂತಲೇ ಕರೆಯೋದು. ಸಂಜೆ ಒಂದು ಚೀಟಿ ಕೊಟ್ಟರು. ಹೆಡ್ ಬಿಚ್ಚಿ ಡಿಕಾರ್ಬನೈಸಿಂಗ್, ಕಾರ್ಬುರೇಟರ್ ಸರ್ವಿಸ್, ಪಾಯಿಂಟ್-ಕಂಡೆನ್ಸರ್-ಪ್ಲಗ್, ಟೈಮಿಂಗ್ ಬೆಲ್ಟ್, ರಬ್ಬರ್ ಪೈಪ್ ಎಲ್ಲಾ, ಬ್ರೇಕ್ ಆಯಿಲ್, ಇನ್ನು ಮುಂದೆ 3,000 ಕಿಲೋಮೀಟರಿಗೊಮ್ಮೆ ಎಂಜಿನ್ ಆಯಿಲ್. ಒಟ್ಟು ಮೂವತ್ತೊಂದು ಸಾವಿರ ರೂಪಾಯಿ. ಕಾರು ಮಾರಿದರೆ ಅಷ್ಟು ಬರುತ್ತದೋ ಇಲ್ಲವೋ!

"ಅಪ್ಪಾ, ಇದೆಲ್ಲ ದುಡ್ಡು ಹೊಡೆಯೋಕೆ ಬರೆದಿರೋದು" ಅಂದೆ.

"ಅಷ್ಟು ವರ್ಷದಿಂದ ನೋಡಿದೀನಿ ಕಣೋ. ನೀನು ಎಂಜಿನಿಯರ್ ತಾನೇ, ನೀನೇ ನೋಡಿ ಹೇಳು" ಅಂದರು ಅಪ್ಪ.

ಎಂಜಿನಿಯರ್ ಏನೋ ಹೌದು, ಆದರೆ ಓದಿದ್ದು ಕಂಪ್ಯೂಟರ್ ಸೈನ್ಸ್. ಮರ್ಯಾದೆ ಪ್ರಶ್ನೆ ಬೇರೆ. ಚೀಟಿ ಹಿಡಿದು ಕೂತು "ರಬ್ಬರ್ ಪೈಪ್ ಎಲ್ಲಾ" ಅನ್ನುವ ಸಾಲನ್ನು ಮೊದಲು ಹೊಡೆದು ಹಾಕಿದೆ. 'ಎಲ್ಲಾ' ಅಂತ ಬರೆದರೆ ಬಿಲ್ ಉಬ್ಬಿಸೋದೇ ಅಲ್ಲವಾ ಅಂತ. ಉಳಿದ ಸಾಲುಗಳನ್ನು ಒಂದೊಂದಾಗಿ ಓದುತ್ತಾ ಹೋದ ಹಾಗೆ ನನಗೆ ಗೊತ್ತಾಗಿದ್ದು ಇಷ್ಟು: ಆ ಚೀಟಿಯ ಏಳು ಸಾಲುಗಳೂ ಒಂದೇ ಕಾಲದವಲ್ಲ. ಒಂದೊಂದು ಸಾಲೂ ಒಂದೊಂದು ಕಾಲದ ಕಾಯಿಲೆಗೆ ಕಂಡುಕೊಂಡ ಮದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಾರುತಿ ಬರುವ ಮುಂಚೆ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಇದ್ದದ್ದು ಎರಡು ಕಾರು. ಮಾರಿಸ್ ಆಕ್ಸ್‌ಫರ್ಡ್ ಅನ್ನುವ ಇಂಗ್ಲಿಷ್ ಕಾರಿನಿಂದ ಬಂದ ಅಂಬಾಸಿಡರ್, ಫಿಯೆಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿ. ಲೈಸೆನ್ಸ್ ರಾಜ್ಯದ ಕಾಲ. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗೆ ಸಿಕ್ಕ ಕಾರನ್ನು ಯಾರಾದರೂ ಬಿಡುತ್ತಾರಾ? ಸವೆದ ಎಂಜಿನ್ನಿಗೆ ಬೋರ್ ಮಾಡಿಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕಿಸಿ ಮತ್ತೆ ಓಡಿಸುತ್ತಿದ್ದರು. ಬಿಚ್ಚಿ ಕಟ್ಟುವುದೇ ರಿಪೇರಿ. ಭಾಯ್ ಹುಡುಗರಾಗಿದ್ದಾಗ ಕೆಲಸ ಕಲಿತದ್ದು ಇಂಥ ಕಾರುಗಳ ಕೆಳಗೆ ಮಲಗಿಕೊಂಡು.

ಡಿಕಾರ್ಬನೈಸಿಂಗ್ ಆ ಕಾಲದ್ದು. 1921ರಲ್ಲಿ ಅಮೆರಿಕದಲ್ಲಿ ಥಾಮಸ್ ಮಿಡ್ಜ್‌ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಅಂತ ಕಂಡುಹಿಡಿದರು. ಜಗತ್ತೆಲ್ಲ ಅದನ್ನೇ ಬಳಸಿತು, ನಾವೂ ಕೂಡ. ಉರಿದ ಸೀಸ ಪ್ಲಗ್ ಮೇಲೆ, ವಾಲ್ವ್ ಮೇಲೆ ಕೂರುತ್ತಿತ್ತು. ಜೊತೆಗೆ ಸವೆದ ರಿಂಗ್ ದಾಟಿ ಬಂದ ಆಯಿಲ್ ಉರಿದು ಮಸಿ ಕಟ್ಟುತ್ತಿತ್ತು. ಹಾಗಾಗಿ ಆಗಾಗ ಹೆಡ್ ಬಿಚ್ಚಿ ಕೆರೆಯುವುದು ಮಾಮೂಲಿ ಕೆಲಸ. ನಮ್ಮಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಅಂದರೆ ಅಪ್ಪ ಕೊಂಡ ಮೇಲೆ ನಮ್ಮ ಕಾರು ಸೀಸ ಕುಡಿದೇ ಇಲ್ಲ.

ಮಾರನೇ ದಿನ ಗ್ಯಾರೇಜಿಗೆ ಹೋಗಿ, "ಭಾಯ್, ಹೆಡ್ ಬಿಚ್ಚೋಕೆ ಮುಂಚೆ ಕಂಪ್ರೆಷನ್ ನೋಡಬಹುದಾ?" ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಗೇಜ್ ಹಾಕಿದರೆ ಮೂರೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಒತ್ತಡ ತೋರಿಸಿದವು. "ಹೆಡ್ ಬೇಡ ಬಿಡಪ್ಪ" ಅಂತ ಅವರೇ ಆ ಸಾಲು ಹೊಡೆದರು. ಚೀಟಿಯಲ್ಲಿ ಅದೇ ದೊಡ್ಡ ಖರ್ಚು. ನಾನು ಗೆದ್ದೆ ಅಂದುಕೊಂಡೆ. ಆದರೆ..

ಏರಿನಲ್ಲಿ ಎಳೆಯದೇ ಇದ್ದದ್ದಕ್ಕೆ ಮುಖ್ಯ ಕಾರಣ ಮೂರನೇ ಸಾಲಿನಲ್ಲಿತ್ತು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸವೆದ ಹಾಗೆ ಗ್ಯಾಪ್ ಕಡಿಮೆಯಾಗಿ, ಕಿಡಿ ತಡವಾಗಿ ಹಾರುತ್ತದೆ. ಈಗಿನ ಕಾರುಗಳಲ್ಲಿ ಆ ಭಾಗವೇ ಇಲ್ಲ, ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹೊಸ ಕಾರಿನ ಸರ್ವಿಸ್ ಪಟ್ಟಿ ಇಟ್ಟುಕೊಂಡು ನಾನು ಹೋಲಿಸಿ ನೋಡಿದ್ದಕ್ಕೇ ಅದು ದಂಡದ ಖರ್ಚು ಅನ್ನಿಸಿದ್ದು. ಕೆಲವು ನೂರು ರೂಪಾಯಿಯ ಕೆಲಸ!

ಟೈಮಿಂಗ್ ಬೆಲ್ಟ್ ಮಾತ್ರ ಮಾರುತಿ ಕಾಲದ ಸಾಲು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿ ಕೊಟ್ಟಾಗ ಜನ ನೋಡಿದ್ದು ಪುಟ್ಟ ಕಾರನ್ನು. ಮೆಕ್ಯಾನಿಕ್‌ಗಳು ನೋಡಿದ್ದು 796 ಸಿಸಿಯ, ಮೂರು ಸಿಲಿಂಡರಿನ ಬೇರೆಯೇ ಜಾತಿಯ ಸುಜುಕಿ ಎಂಜಿನ್ನನ್ನು. ಅಂಬಾಸಿಡರಿನಲ್ಲಿ ಕ್ಯಾಮ್ ತಿರುಗಿಸಲು ಕಬ್ಬಿಣದ ಚೈನ್ ಇತ್ತು, ಸವೆದರೆ ಸದ್ದು ಮಾಡಿ ಹೇಳುತ್ತಿತ್ತು. ಇದರಲ್ಲಿ ರಬ್ಬರ್ ಬೆಲ್ಟ್. ಸದ್ದಿಲ್ಲದೆ ಹಳೆಯದಾಗಿ ಒಂದು ದಿನ ಕಿತ್ತು, ಕಾರನ್ನು ನಿಂತಲ್ಲೇ ನಿಲ್ಲಿಸುತ್ತದೆ. ಕಿಲೋಮೀಟರ್ ಕಡಿಮೆ ಓಡಿದ್ದರೂ ವರ್ಷ ಲೆಕ್ಕಕ್ಕೆ ಬರುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೇ, ಗಾಳಿಯ ತೇವ ಹೀರಿಕೊಳ್ಳುತ್ತದೆ. ಘಟ್ಟ ಇಳಿಯುವಾಗ ಬಿಸಿಗೆ ಆ ನೀರು ಆವಿಯಾದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ.

ಇನ್ನು ನಾನು ಹೊಡೆದು ಹಾಕಿದ ರಬ್ಬರ್ ಪೈಪ್. ಅದು ಚೀಟಿಯಲ್ಲೇ ಅತಿ ಹೊಸ ಕಾಲದ್ದು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಅಂದರೆ ಶೇ. 20 ಎಥನಾಲ್ ಬೆರೆತದ್ದು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಹೆಚ್ಚಾಗಿ ಅದೇ. ಹಳೆಯ ಕಾರುಗಳ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ ಆ ವರ್ಷ ಹೇಳಿತು. 1993ರಲ್ಲಿ ಆ ಪೈಪ್ ಮಾಡಿದವರಿಗೆ ಎಥನಾಲ್ ವಿಚಾರ ಕನಸಲ್ಲೂ ಇರಲಿಲ್ಲ. ಕಾರ್ಬುರೇಟರ್ ಸರ್ವಿಸ್‌ಗೂ ಇದಕ್ಕೂ ನಂಟಿದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಗಾಳಿ-ಪೆಟ್ರೋಲ್ ಹದ ತಪ್ಪುತ್ತದೆ. ಹೊಸ ಕಾರಿನ ಸೆನ್ಸರ್ ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ, ಮನುಷ್ಯನೇ ಸ್ಕ್ರೂ ತಿರುಗಿಸಬೇಕು.

ಭಾಯ್ ನನ್ನನ್ನು ಕರೆದು ಬಾನೆಟ್ ಒಳಗೆ ಟಾರ್ಚ್ ಬಿಟ್ಟರು. "ಕೈ ಇಟ್ಟು ನೋಡಪ್ಪ" ಅಂದರು. ಪೆಟ್ರೋಲ್ ಪೈಪಿನ ಕ್ಲಿಪ್ಪಿನ ಹತ್ತಿರ ರಬ್ಬರ್ ಬಿರುಕು ಬಿಟ್ಟಿತ್ತು. ಬೆರಳಿಗೆ ಪೆಟ್ರೋಲ್ ಪಸೆ. ಅಲ್ಲಿಂದ ಬಿಸಿ ಸೈಲೆನ್ಸರ್ ಪೈಪಿಗೆ ಗೇಣುದ್ದ ದೂರ. ಹಿಂದಿನ ಭಾನುವಾರ ಅಪ್ಪ ಅಮ್ಮ ಇದೇ ಕಾರಿನಲ್ಲಿ ಸಕಲೇಶಪುರಕ್ಕೆ ಹೋಗಿ ಬಂದಿದ್ದರು. ನನಗೆ ಮಾತೇ ಹೊರಡಲಿಲ್ಲ. ಹೊಡೆದು ಹಾಕಿದ ಸಾಲನ್ನು ನಾನೇ ಮತ್ತೆ ಬರೆದೆ.

ಕೊನೆಗೆ 3,000 ಕಿಲೋಮೀಟರಿನ ಆಯಿಲ್. ಅದು ಅಂಬಾಸಿಡರ್ ಕಾಲದ ಅಭ್ಯಾಸ. ನಮ್ಮದು ವರ್ಷಕ್ಕೆ ಅಷ್ಟು ಓಡುವುದೇ ಇಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಅಂತ ಇಬ್ಬರೂ ಒಪ್ಪಿಕೊಂಡೆವು. ಚೀಟಿಯಲ್ಲಿ ಇಲ್ಲದ ಒಂದನ್ನು ನಾನು ಸೇರಿಸಿದೆ, ಕೂಲೆಂಟ್. ಅಂಬಾಸಿಡರಿನ ಎಂಜಿನ್ ಪೂರ್ತಿ ಎರಕದ ಕಬ್ಬಿಣ, ನಲ್ಲಿ ನೀರನ್ನೂ ತಡೆದುಕೊಳ್ಳುತ್ತಿತ್ತು. ಮಾರುತಿಯ ಹೆಡ್ ಅಲ್ಯೂಮಿನಿಯಂ, ತುಕ್ಕು ತಡೆಯುವ ಕೂಲೆಂಟ್ ಬೇಕು. ಭಾಯ್ ನಕ್ಕು "ಹಾಕೋಣ" ಅಂದರು. ಬಿಲ್ ಹದಿನೇಳು ಸಾವಿರಕ್ಕೆ ನಿಂತಿತು.

ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಆದರೆ ಅವುಗಳ ಕಾಯಿಲೆ, ಮದ್ದು ಎರಡೂ ನಮ್ಮ ಮೆಕ್ಯಾನಿಕ್‌ಗಳ ಕೈಯಲ್ಲಿ ಇನ್ನೂ ಉಳಿದಿವೆ. ಅದಕ್ಕೇ ಈಗ ನಾನು ಚೀಟಿ ನೋಡಿದಾಗ "ಇದು ಮೋಸವಾ?" ಅಂತ ಮೊದಲು ಕೇಳುವುದಿಲ್ಲ. "ಇದು ಯಾವ ಕಾಲದ ತೊಂದರೆಗೆ ಮದ್ದು? ಆ ತೊಂದರೆ ನಮ್ಮ ಕಾರಿಗೆ ಇದೆಯಾ, ತೋರಿಸ್ತೀರಾ?" ಅಂತ ಕೇಳುತ್ತೇನೆ. ತೋರಿಸಿ ಅಂದರೆ ಒಳ್ಳೆಯ ಮೆಕ್ಯಾನಿಕ್‌ಗೆ ಸಿಟ್ಟು ಬರುವುದಿಲ್ಲ, ಟಾರ್ಚ್ ತರುತ್ತಾರೆ.

ನಿಮ್ಮ ಮನೆಯಲ್ಲೂ ಹಳೇ ಕಾರು ಇದ್ದರೆ ಈ ವಾರ ಒಮ್ಮೆ ಬಾನೆಟ್ ಎತ್ತಿ ಪೆಟ್ರೋಲ್ ಪೈಪ್ ಮುಟ್ಟಿ ನೋಡಿ. ಎಂಜಿನ್ ತಣ್ಣಗಾದ ಮೇಲೆ, ಮತ್ತೆ!