ಕುರಿಯ ಅಂಡಾಣುವನ್ನು ಬೆಳೆಸುವ ದ್ರವ

ಬೆದೆಗೆ ಬಂದ ಕುರಿಯ ಅಂಡಾಶಯದ ಮೇಲೆ 5ರಿಂದ 7 ಮಿಲಿಮೀಟರ್ ಅಗಲದ ನೀರ್ಗುಳ್ಳೆಯೊಂದು ಉಬ್ಬಿರುತ್ತದೆ. ಅದೇ ಫಾಲಿಕಲ್. ಅದರೊಳಗಿನ ತಿಳಿಹಳದಿ ದ್ರವದ ನಡುವೆ, ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ಗಾತ್ರದ ಅಂಡಾಣು ಬೆಳೆಯುತ್ತದೆ. ಕುರಿ ಒಂದು ಮರಿ ಹಾಕುತ್ತದೋ ಎರಡೋ, ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಹನಿಯಲ್ಲೇ ತೀರ್ಮಾನವಾಗುತ್ತದೆ. ಆದರೂ ವಿಜ್ಞಾನ ಅದರ ಕಡೆ ಗಮನ ಕೊಟ್ಟಿದ್ದು ತಡವಾಗಿ.

1672ರಲ್ಲಿ ಡೆಲ್ಫ್ಟ್ ನಗರದ ವೈದ್ಯ ರೆನಿಯರ್ ಡಿ ಗ್ರಾಫ್ ಈ ಗುಳ್ಳೆಗಳನ್ನು ವಿವರವಾಗಿ ಬಣ್ಣಿಸಿದ, ಗುಳ್ಳೆಯನ್ನೇ ಅಂಡವೆಂದು ತಿಳಿದ. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ ನಾಯಿಯ ಫಾಲಿಕಲ್‌ನೊಳಗೆ ನಿಜವಾದ ಅಂಡಾಣುವನ್ನು ಕಂಡ. ಆಮೇಲೂ ಸುಮಾರು ನೂರು ವರ್ಷ ದ್ರವವನ್ನು ಯಾರೂ ಹೆಚ್ಚಾಗಿ ವಿಚಾರಿಸಲಿಲ್ಲ.

1935ರಲ್ಲಿ ಪಿಂಕಸ್ ಮತ್ತು ಎಂಜ್‌ಮನ್ ಮೊಲದ ಅಂಡಾಣುವನ್ನು ಫಾಲಿಕಲ್‌ನಿಂದ ಹೊರತೆಗೆದಾಗ ಅದು ತಾನಾಗಿಯೇ ಪಕ್ವವಾಗತೊಡಗಿತು. 1965ರಲ್ಲಿ ರಾಬರ್ಟ್ ಎಡ್ವರ್ಡ್ಸ್ ಇಲಿ, ಕುರಿ, ಹಸು, ಹಂದಿ, ಮಂಗ, ಮನುಷ್ಯರ ಅಂಡಾಣುಗಳಲ್ಲೂ ಇದನ್ನೇ ತೋರಿಸಿದರು. ಅಂದರೆ ಗುಳ್ಳೆಯೊಳಗೆ ಏನೋ ಒಂದು ಅಂಡಾಣುವನ್ನು ತಡೆಹಿಡಿದಿರುತ್ತದೆ. ದ್ರವದಲ್ಲಿ ಆ ತಡೆಯನ್ನು ಹುಡುಕುವ ಕೆಲಸ ದಶಕಗಳ ಕಾಲ ನಡೆಯಿತು. 2010ರಲ್ಲಿ ಇಲಿಗಳಲ್ಲಿ, ಫಾಲಿಕಲ್ ಗೋಡೆಯ ಗ್ರಾನುಲೋಸಾ ಕೋಶಗಳು ಸ್ರವಿಸುವ ಸಿ-ಮಾದರಿ ನ್ಯಾಟ್ರಿಯುರೆಟಿಕ್ ಪೆಪ್ಟೈಡ್ ಎಂಬ ಪುಟ್ಟ ಅಣು ಈ ಕೆಲಸ ಮಾಡುತ್ತದೆಂದು ಗೊತ್ತಾಯಿತು.

ಹೊರತೆಗೆದ ಕೂಡಲೇ ಪಕ್ವವಾಗುವುದು ಒಳ್ಳೆಯದೇ ಅಲ್ಲವೇ? ಅಲ್ಲ ಎಂದು ತೋರಿಸಿದ್ದು ಕುರಿಗಳೇ. ಕೇಂಬ್ರಿಜ್‌ನಲ್ಲಿ ಮೂರ್ ಮತ್ತು ಟ್ರೌನ್ಸನ್ 1977ರಲ್ಲಿ ಪ್ರಕಟಿಸಿದ ಪ್ರಯೋಗಗಳು ಫಾಲಿಕಲ್ ಮತ್ತು ಅದರ ಹಾರ್ಮೋನುಗಳ ಸಹವಾಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಎದ್ದು ತೋರಿಸಿದವು. ಬರೀ ಕೋಶಕೇಂದ್ರ ಪಕ್ವವಾದರೆ ಭ್ರೂಣ ಮುಂದೆ ಬೆಳೆಯುವುದಿಲ್ಲ. ಅಂಡಾಣುವಿನ ಮೈಯೂ ಸಿದ್ಧವಾಗಬೇಕು.

ಇನ್ನೊಂದು ಕವಲು ಹಾರ್ಮೋನಿನದು. ಪಿಟ್ಯುಟರಿ ಗ್ರಂಥಿಯನ್ನು ಹತೋಟಿಯಲ್ಲಿಡುವ ವಸ್ತುವಿಗೆ ಇನ್‌ಹಿಬಿನ್ ಎಂಬ ಹೆಸರು ಬಂದಿದ್ದು 1932ರಲ್ಲಿ. ಹಸು, ಹಂದಿಗಳ ಫಾಲಿಕಲ್ ದ್ರವದಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿದ್ದು 1985ರ ಹೊತ್ತಿಗೆ. ಫಾಲಿಕಲ್‌ಗಳನ್ನು ಬೆಳೆಸಲು ಪಿಟ್ಯುಟರಿ ಸ್ರವಿಸುವ ಎಫ್‌ಎಸ್‌ಎಚ್ ಹಾರ್ಮೋನನ್ನು ಇನ್‌ಹಿಬಿನ್ ತಗ್ಗಿಸುತ್ತದೆ, ಇದರಿಂದ ಬೆಳೆಯುವ ಗುಳ್ಳೆಗಳ ಸಂಖ್ಯೆಗೆ ಮಿತಿ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಇನ್‌ಹಿಬಿನ್ ಇರುವ ದ್ರವದ ಅಂಶವನ್ನು ಮೆರಿನೊ ಕುರಿಗಳಿಗೆ ಲಸಿಕೆಯಂತೆ ಚುಚ್ಚಿದಾಗ ಅವು ಹೆಚ್ಚು ಅಂಡಾಣು ಬಿಟ್ಟವು.

ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ದೊಡ್ಡ ತಿರುವು 2000ದ ಆಸುಪಾಸಿನದು. ಅಲ್ಲಿಯವರೆಗೆ ಅಂಡಾಣು ಸುಮ್ಮನೆ ಪೋಷಣೆ ಪಡೆಯುವ ಜೀವವೆಂಬ ಭಾವನೆ ಬಲವಾಗಿತ್ತು. ನ್ಯೂಜಿಲೆಂಡ್‌ನ ಇನ್‌ವರ್ಡೇಲ್ ಕುರಿಗಳ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಬಿಎಂಪಿ-15 ಎಂಬ ಪ್ರೋಟೀನನ್ನು ಅಂಡಾಣುವೇ ತಯಾರಿಸಿ ಸುತ್ತಲಿನ ಕೋಶಗಳಿಗೆ ಕಳಿಸುತ್ತದೆ. ಅದರ ಜೀನ್‌ನ ಒಂದು ಪ್ರತಿ ಕೆಟ್ಟರೆ ಕುರಿ ಹೆಚ್ಚು ಮರಿ ಹಾಕುತ್ತದೆ, ಎರಡೂ ಕೆಟ್ಟರೆ ಬಂಜೆಯಾಗುತ್ತದೆ. ಅಂಡಾಣುವೇ ಸ್ರವಿಸುವ ಜಿಡಿಎಫ್-9 ಎಂಬ ಪ್ರೋಟೀನು ಬಿಎಂಪಿ-15ರ ಜೊತೆಗಾರ. ಒಂದೇ ಪ್ರೋಟೀನು ಸ್ವಲ್ಪ ಕಡಿಮೆಯಾದರೆ ಫಲ ಹೆಚ್ಚುವುದು, ಪೂರ್ತಿ ಇಲ್ಲವಾದರೆ ಬಂಜೆತನ ಬರುವುದು! ಇದನ್ನು ಮೊದಲು ಓದಿದಾಗ ಆದ ಅಚ್ಚರಿ ಇನ್ನೂ ಆರಿಲ್ಲ.

2001ರಲ್ಲಿ, ಹೆಚ್ಚು ಮರಿ ಹಾಕುವುದರಲ್ಲಿ ಹೆಸರಾದ ಆಸ್ಟ್ರೇಲಿಯಾದ ಬೂರೂಲ ಮೆರಿನೊ ಕುರಿಯ ಗುಟ್ಟು ಬಯಲಾಯಿತು. ಬಿಎಂಪಿ ಸಂದೇಶಗಳನ್ನು ಸ್ವೀಕರಿಸುವ ಗ್ರಾಹಕವೊಂದರಲ್ಲಿ ಬದಲಾವಣೆ. ಹೀಗೆ ಬದಲಾದ ಜೀನ್‌ನ ಹೆಸರು ಫೆಕ್‌ಬಿ. ಇದೇ ಬದಲಾವಣೆ ಸುಂದರಬನದ ಗಾರೋಲೆ ಕುರಿಯಲ್ಲೂ ಇದೆ. 1790ರ ದಶಕದಲ್ಲಿ ಬಂಗಾಳದಿಂದ ಹಡಗೇರಿದ ಕುರಿಗಳ ಜೊತೆ ಅದು ಆಸ್ಟ್ರೇಲಿಯಾ ಸೇರಿತೆಂಬುದು ಸಂಶೋಧಕರ ಬಲವಾದ ಅಭಿಪ್ರಾಯ. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ಗಾರೋಲೆಯ ಫೆಕ್‌ಬಿಯನ್ನು ಡೆಕ್ಕನಿ ತಳಿಗೆ ಸೇರಿಸಿ, ಅವಳಿ ಹಾಕುವ ಸುವರ್ಣ ಕುರಿಯನ್ನು ರೂಪಿಸಿತು. ನಮ್ಮ ಉತ್ತರ ಕರ್ನಾಟಕದ ಕುರಿಗಾರರು ಸಾಕುವುದೂ ಡೆಕ್ಕನಿಯನ್ನೇ.

ಮತ್ತೆ ದ್ರವಕ್ಕೆ ಬರೋಣ. ಅದರ ಪ್ರೋಟೀನುಗಳಲ್ಲಿ ಹೆಚ್ಚಿನವು, ಆಲ್ಬುಮಿನ್ ಸೇರಿ, ರಕ್ತದಿಂದ ಜಿನುಗಿ ಬಂದವು. ಅಣು ದೊಡ್ಡದಾದಷ್ಟೂ ಗುಳ್ಳೆಯ ಗೋಡೆ ದಾಟುವುದು ಕಷ್ಟ. ಉಳಿದವು ಅಲ್ಲೇ ತಯಾರಾದವು. ಇನ್ಸುಲಿನ್‌ನಂಥ ಬೆಳವಣಿಗೆ ಅಂಶವನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನುಗಳು ಆರೋಗ್ಯವಂತ ದೊಡ್ಡ ಫಾಲಿಕಲ್‌ನಲ್ಲಿ ಕಡಿಮೆ, ಸೊರಗುತ್ತಿರುವುದರಲ್ಲಿ ಹೆಚ್ಚು. ಹಾಗಾಗಿ ಗುಳ್ಳೆ ಬದುಕುತ್ತದೋ ಸೊರಗುತ್ತದೋ ಎಂಬುದಕ್ಕೆ ದ್ರವವೇ ಸಾಕ್ಷಿ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಕುರಿಯ ದ್ರವದ ರಾಸಾಯನಿಕ ಘಟಕಗಳನ್ನು ಫಾಲಿಕಲ್ ಗಾತ್ರಕ್ಕೆ ತಕ್ಕಂತೆ ಹೋಲಿಸಿ 2007ರಲ್ಲಿ ಪ್ರಕಟಿಸಿದರು.

ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಇಂಥ ಅಧ್ಯಯನಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಕಸಾಯಿಖಾನೆಯ ಅಂಡಾಶಯಗಳಿಂದ ಸಿಕ್ಕಸಿಕ್ಕ ದ್ರವವನ್ನೆಲ್ಲ ಒಟ್ಟುಗೂಡಿಸಿ ಅಂಡಾಣು ಬೆಳೆಸುವ ಮಾಧ್ಯಮಕ್ಕೆ ಸುರಿದರೆ, ತಡೆಯುವ ಪ್ರೋಟೀನೂ ಪ್ರೇರೇಪಿಸುವ ಪ್ರೋಟೀನೂ ಒಟ್ಟಿಗೆ ಬೀಳುತ್ತವೆ. ಬಂದ ಫಲಿತಾಂಶಕ್ಕೆ ಕಾರಣ ಯಾವುದೆಂದು ಹೇಳಲಾಗದು. ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಇಂದು ನೂರಾರು ಪ್ರೋಟೀನುಗಳ ಪಟ್ಟಿ ಸಿಗುತ್ತದೆ. ಪಟ್ಟಿ ಬೆಳೆದಷ್ಟು ಬೇಗ ಅರ್ಥ ಬೆಳೆದಿಲ್ಲ.

ಕರ್ನಾಟಕದಲ್ಲಿ ಬನ್ನೂರು, ಹಾಸನ, ಬಳ್ಳಾರಿ, ಕೆಂಗುರಿ ಎಂಬ ನಮ್ಮದೇ ಕುರಿ ತಳಿಗಳಿವೆ. ಅವು ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತವೆ. ಮೇವು ಸಾಲದ ಕಡೆ ಅವಳಿ ಮರಿ ತಾಯಿಗೆ ಭಾರವೇ, ಆದ್ದರಿಂದ ಎಲ್ಲ ತಳಿಗೂ ಫೆಕ್‌ಬಿ ಮದ್ದಲ್ಲ. ಪಶುವೈದ್ಯ ಕಾಲೇಜುಗಳ ಯುವ ಸಂಶೋಧಕರು ಈ ತಳಿಗಳ ಫಾಲಿಕಲ್ ದ್ರವವನ್ನು ಒಂದೊಂದಾಗಿ, ಗುಳ್ಳೆಯ ಗಾತ್ರ ಮತ್ತು ಆರೋಗ್ಯವನ್ನು ಬರೆದಿಟ್ಟುಕೊಂಡು ಪರೀಕ್ಷಿಸಬೇಕು.