ಡ್ರೈವರ್ ಖುಲಾಸೆ ಆದ, ಪರಿಹಾರದ ಗತಿ?

ಕೆಲವು ವರ್ಷಗಳ ಹಿಂದೆ ಧಾರವಾಡದ ಕೋರ್ಟ್ ಆವರಣದಲ್ಲಿ ಒಬ್ಬ ತಾಯಿ ನನ್ನನ್ನ ವಕೀಲ ಅಂತ ತಿಳಿದು ಕೇಳಿದ್ರು: ‘ಯಪ್ಪಾ, ಡ್ರೈವರ್‌ನ ಬಿಟ್ಟುಬಿಟ್ರಂತ. ಇನ್ನ ನಮಗ ಪರಿಹಾರ ಎಲ್ಲಿಂದ ಬರ್ತೈತಿ?’ ಬೈಪಾಸ್ ರಸ್ತೆಯಲ್ಲಿ ಮಗನನ್ನು ಕಳೆದುಕೊಂಡವರು. ಅಂದು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿದೆ. ಉತ್ತರ 1855ರಷ್ಟು ಹಳೆಯದು!

ಅದಕ್ಕೂ ಮೊದಲು ಇಂಗ್ಲಿಷ್ ಕಾನೂನಿನಲ್ಲಿ ಸತ್ತವನ ಜೊತೆಗೇ ಅವನ ಹಕ್ಕೂ ಸಾಯುತ್ತಿತ್ತು. ಕಾಲು ಮುರಿದರೆ ಪರಿಹಾರ ಕೇಳಬಹುದು, ಜೀವ ಹೋದರೆ ಮನೆಯವರು ಕೇಳುವಂತಿಲ್ಲ. ಇದನ್ನು ಸರಿಪಡಿಸಲು ಇಂಗ್ಲೆಂಡಿನಲ್ಲಿ 1846ರಲ್ಲಿ ಒಂದು ಕಾಯ್ದೆ ಬಂತು. ಅದೇ ಮಾದರಿಯ ‘ಫೇಟಲ್ ಆ್ಯಕ್ಸಿಡೆಂಟ್ಸ್ ಆ್ಯಕ್ಟ್’ 1855ರಲ್ಲಿ ಇಲ್ಲಿಗೂ ಬಂತು. ಸಾವಿಗೆ ಕಾರಣವಾದ ಕೃತ್ಯ ಅಪರಾಧವೇ ಆಗಿದ್ದರೂ, ಪರಿಹಾರದ ದಾವೆ ಹೂಡಬಹುದು ಅಂತ ಅದು ಹೇಳಿತು. ಅಂದರೆ ಶಿಕ್ಷೆಯ ದಾರಿ ಬೇರೆ, ಪರಿಹಾರದ ದಾರಿ ಬೇರೆ. ನಿರ್ಲಕ್ಷ್ಯದಿಂದ ಸಾವು ತಂದರೆ ಶಿಕ್ಷೆ ಕೊಡುವ 304ಎ ಕಲಂ ದಂಡಸಂಹಿತೆಗೆ ಸೇರಿದ್ದೇ ಆಮೇಲೆ, 1870ರಲ್ಲಿ.

ಆದರೆ ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು. ಬಡವರಿಗೆ ಇದೆಲ್ಲಿ ಸಾಧ್ಯ? 1956ರಲ್ಲಿ, ಅಂದರೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ, ಸಂಸತ್ತು ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು.

ಅಷ್ಟಾದರೂ ಗೊಂದಲ ಹೋಗಲಿಲ್ಲ. ತಮಿಳುನಾಡಿನಲ್ಲಿ ರಾತ್ರಿ ಹೊತ್ತು ಒಂದು ಖಾಸಗಿ ಬಸ್ಸು ಜೋತುಬಿದ್ದಿದ್ದ ವಿದ್ಯುತ್ ತಂತಿಗೆ ತಗುಲಿತು. ಎಂಟು ಜನ ಸ್ಥಳದಲ್ಲೇ ಸತ್ತರು. ಇದು ದೈವಘಟನೆ ಅಂತ ಕ್ರಿಮಿನಲ್ ಕೋರ್ಟ್ ಚಾಲಕನನ್ನು ಖುಲಾಸೆ ಮಾಡಿತು. ಆದರೆ ‘ತಂತಿ ಐತಿ, ನಿಲ್ಲಿಸು’ ಎಂಬಂತೆ ಪ್ರಯಾಣಿಕರು ಕೂಗಿಕೊಂಡರೂ ಅವನು ಬಸ್ ಓಡಿಸಿದ್ದ ಅಂತ ನ್ಯಾಯಮಂಡಳಿ ಕಂಡುಕೊಂಡು ಪರಿಹಾರ ಕೊಟ್ಟಿತು. ಮಾಲೀಕರು ಸುಪ್ರೀಂ ಕೋರ್ಟ್‌ಗೆ ಹೋದರು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅವರ ವಾದ ಒಪ್ಪಲಿಲ್ಲ. ಶಿಕ್ಷೆಗೆ ಬೇಕಾದ ನಿರ್ಲಕ್ಷ್ಯದ ಅಳತೆ ಹೆಚ್ಚು ಕಠಿಣ, ಪರಿಹಾರಕ್ಕೆ ಅಷ್ಟು ಬೇಡ ಎಂದಿತು.

ಯಾಕೆ ಬೇಡ? ಒಬ್ಬನನ್ನು ಜೈಲಿಗೆ ಕಳಿಸಬೇಕಾದರೆ ಸಂಶಯಕ್ಕೆ ಎಡೆಯೇ ಇರಬಾರದು. ಸಾಕ್ಷಿ ತಿರುಗಿಬಿದ್ದರೆ, ತನಿಖೆ ಸಡಿಲವಾದರೆ ಆರೋಪಿ ಬಿಡುಗಡೆ. ಪರಿಹಾರಕ್ಕೆ ಮಾತ್ರ ಹೀಗೇ ಆಗಿರುವ ಸಂಭವ ಹೆಚ್ಚು ಅಂತ ತೋರಿಸಿದರೆ ಸಾಕು. ಹಾಗಂತ ಖುಲಾಸೆಯಾದ ಮೇಲೂ ದುಡ್ಡು ತಾನಾಗಿ ಬರಲ್ಲ. ನಿರ್ಲಕ್ಷ್ಯವನ್ನು ಆಧಾರ ಮಾಡಿಕೊಂಡು ಕೇಳುವವರು ನ್ಯಾಯಮಂಡಳಿಯ ಮುಂದೆ ಅದನ್ನು ತೋರಿಸಿಕೊಡಲೇಬೇಕು.

ಮೇಲ್ಮನವಿಗೆ ನಮ್ಮವರು ಬಹಳ ವರ್ಷ ಬೆಂಗಳೂರಿಗೆ ಅಲೆದರು. 2008ರಲ್ಲಿ ಹೈಕೋರ್ಟ್‌ನ ಸಂಚಾರಿ ಪೀಠ ಧಾರವಾಡಕ್ಕೆ ಬಂತು, 2013ರಲ್ಲಿ ಕಾಯಂ ಆಯಿತು.

ಆದರೆ ದಾರಿ ಹತ್ತಿರ ಆದರೂ ಸಮಯ ಕಡಿಮೆ ಆಗಿದೆ. 1994ರಲ್ಲಿ ತೆಗೆದಿದ್ದ ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ. ಅದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಆದರೂ ಕ್ರಿಮಿನಲ್ ಕೇಸ್ ಮುಗಿಯಲಿ, ಆಮೇಲೆ ನೋಡೋಣ ಅಂತ ಕೂತರೆ ಹಕ್ಕೇ ಕೈತಪ್ಪುವ ಭಯ ಇದೆ.

ಆ ತಾಯಿ ಮತ್ತೆ ಸಿಕ್ಕಿಲ್ಲ. ಸಿಕ್ಕರೆ ಇಷ್ಟೇ ಹೇಳ್ತೀನಿ: ‘ಅವ್ವಾ, ಆ ಕೋರ್ಟು ಕೇಳಿದ್ದು ಅವನನ್ನ ಜೈಲಿಗೆ ಕಳಿಸಬೇಕೋ ಬ್ಯಾಡೋ ಅಂತ. ನಿಮ್ಮ ಮನಿ ಹೆಂಗ ನಡೀಬೇಕು ಅನ್ನೋ ಪ್ರಶ್ನೆ ಇನ್ನೂ ಉಳದೈತಿ.’